ತಂಪು ಊರಿನ ಬಿಸಿಲು: ಹಾಸನ, ಚಿಕ್ಕಮಗಳೂರಿನ ಕಡೆಗೆ ಪುಟ್ಟ ಮಕ್ಕಳೊಡನೆ ಹೊರಡುವವರಿಗೆ

ಹಾಸನವನ್ನು ಬಡವರ ಊಟಿ ಎಂದು ಕರೆಯುವ ರೂಢಿ ಹಳೆಯದು. ಚಿಕ್ಕಮಗಳೂರಿನ ಹೆಸರು ಕೇಳಿದರೆ ಮಂಜು, ಕಾಫಿ ತೋಟ, ಸ್ವೆಟರು ನೆನಪಾಗುತ್ತವೆಯೇ ಹೊರತು ಉಷ್ಣವಲಯ ಎಂಬ ಮಾತು ಯಾರ ಮನಸ್ಸಿಗೂ ಬರುವುದಿಲ್ಲ. ಆದರೆ ಭೂಪಟದಲ್ಲಿ ಈ ಎರಡೂ ಊರುಗಳಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಅಂದರೆ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಬಹಳ ದಕ್ಷಿಣಕ್ಕೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಮತ್ತೊಮ್ಮೆ ನಡುಹಗಲಿನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಊರುಗಳು ತಂಪಾಗಿರುವುದು ಎತ್ತರದ ಕೃಪೆಯಿಂದ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್, ಚಿಕ್ಕಮಗಳೂರು ಸುಮಾರು 1,090 ಮೀಟರ್, ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್ ಎತ್ತರದಲ್ಲಿವೆ. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣಾಂಶ ಆರು ಡಿಗ್ರಿಯಷ್ಟು ಇಳಿಯುತ್ತದೆ, ನಿಜ. ಆದರೆ ಬಿಸಿಲಿನ ನೇರಳಾತೀತ ಕಿರಣಗಳ ತೀವ್ರತೆ ಅದೇ ಸಾವಿರ ಮೀಟರಿಗೆ ಸುಮಾರು ಶೇಕಡಾ 10ರಷ್ಟು ಏರುತ್ತದೆ.

ಐದು ವರ್ಷದೊಳಗಿನ ಮಗುವನ್ನು ಕರೆದುಕೊಂಡು ಈ ಭಾಗಕ್ಕೆ ಬರುವ ಕುಟುಂಬಗಳು ಲೆಕ್ಕ ತಪ್ಪುವುದು ಇಲ್ಲಿಯೇ. ಕಲಬುರಗಿಗೋ ರಾಯಚೂರಿಗೋ ಹೊರಟ ತಂದೆ ತಾಯಿ ನೀರು, ಟೋಪಿ, ನೆರಳು ಎಂದು ಮೊದಲೇ ಯೋಚಿಸುತ್ತಾರೆ. ಮಲೆನಾಡಿಗೆ ಹೊರಟವರು ಬೆಚ್ಚನೆಯ ಬಟ್ಟೆ ತುಂಬಿಕೊಂಡು ನಿಶ್ಚಿಂತರಾಗುತ್ತಾರೆ. ದೊಡ್ಡವರ ಮೈಗೆ ತಟ್ಟುವ ತಣ್ಣನೆಯ ಗಾಳಿಯನ್ನೇ ಮಗುವಿನ ಮೈಗೂ ಅನ್ವಯಿಸಿ ತೀರ್ಮಾನಿಸುವುದು ಸರಿಯಲ್ಲ ಎಂಬುದಕ್ಕೆ ಶರೀರಶಾಸ್ತ್ರದ ಕಾರಣಗಳಿವೆ. ಅವನ್ನು ತಿಳಿದರೆ ಪ್ರವಾಸದ ಉಳಿದ ನಿರ್ಧಾರಗಳು ತಾವಾಗಿಯೇ ಹಗುರಾಗುತ್ತವೆ.

ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಸುತ್ತಲಿನ ಗಾಳಿ ಬಿಸಿಯಾಗಿದ್ದರೆ ಮಗು ಬೇಗ ಕಾಯುತ್ತದೆ, ತಣ್ಣಗಿದ್ದರೆ ಬೇಗ ತಣಿಯುತ್ತದೆ. ಮಗುವಿನ ಬೆವರು ಗ್ರಂಥಿಗಳು ದೊಡ್ಡವರ ಗ್ರಂಥಿಗಳಷ್ಟು ಬೆವರು ಸುರಿಸುವುದಿಲ್ಲ. ಓಡಾಡುವಾಗ ಪ್ರತಿ ಕಿಲೋ ತೂಕಕ್ಕೆ ಅದರ ದೇಹ ಹುಟ್ಟಿಸುವ ಶಾಖ ಮಾತ್ರ ಹೆಚ್ಚು. ಮಳೆಗಾಲದ ಮಲೆನಾಡಿನಲ್ಲಿ ಗಾಳಿಯ ತೇವಾಂಶ ವಿಪರೀತವಾಗಿರುವುದರಿಂದ ಸುರಿದ ಬೆವರೂ ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಇಷ್ಟರ ಮೇಲೆ, ಎರಡು ವರ್ಷದ ಮಗು ತನಗೆ ಸೆಕೆಯಾಗುತ್ತಿದೆ ಎಂದು ಬಿಡಿಸಿ ಹೇಳಲಾರದು. ಹಟ ಮಾಡುತ್ತದೆ, ಅಳುತ್ತದೆ, ಕೊನೆಗೆ ಸುಮ್ಮನಾಗಿ ಹೆಗಲ ಮೇಲೆ ಒರಗಿಬಿಡುತ್ತದೆ. ಆ ಸುಮ್ಮನಾಗುವಿಕೆಯನ್ನು ನಿದ್ದೆ ಎಂದುಕೊಳ್ಳುವವರೇ ಹೆಚ್ಚು. ಶೀತವಾದೀತು ಎಂಬ ಅಜ್ಜಿಯಂದಿರ ಆತಂಕಕ್ಕೆ ಮಣಿದು ಕುಲಾವಿ, ಸ್ವೆಟರು, ಅದರ ಮೇಲೊಂದು ಶಾಲು ಹೊದಿಸಿ ಮುಚ್ಚಿದ ಕಾರಿನಲ್ಲಿ ಕೂರಿಸಿದ ಕೂಸಿನ ಕತ್ತಿನ ಹಿಂಬದಿಯನ್ನು ಒಮ್ಮೆ ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಬೇಕು. ಕೈಕಾಲು ತಣ್ಣಗಿವೆ ಎಂಬುದು ಅಳತೆಗೋಲಲ್ಲ, ಕೂಸುಗಳ ಕೈಕಾಲು ಸಾಮಾನ್ಯವಾಗಿಯೇ ತಣ್ಣಗಿರುತ್ತವೆ.

ಮುಚ್ಚಿದ ಕಾರಿನ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು. ಗಾಜಿನ ಮೂಲಕ ಒಳಬಂದ ಬಿಸಿಲು ಆಸನಗಳನ್ನು ಕಾಯಿಸುತ್ತದೆ, ಕಾದ ಗಾಳಿ ಹೊರಗೆ ಹೋಗಲು ದಾರಿಯಿರುವುದಿಲ್ಲ. ಹೊರಗೆ 22 ಡಿಗ್ರಿಯ ಹಿತವಾದ ಹವೆಯಿದ್ದರೂ ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಬಹುದು, ಅದರಲ್ಲಿ ಹೆಚ್ಚಿನ ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗುತ್ತದೆ. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಸೀತಾಳಯ್ಯನಗಿರಿಯ ಬಳಿ ಗಾಡಿ ನಿಲ್ಲಿಸಿ, ಮಲಗಿದ ಮಗುವನ್ನು ಎಬ್ಬಿಸುವುದೇಕೆಂದು ಒಳಗೇ ಬಿಟ್ಟು ಮೆಟ್ಟಿಲು ಹತ್ತಿ ಬರುವ ಯೋಚನೆ ಅಲ್ಲಿನ ತಂಪು ಗಾಳಿಯಲ್ಲಿ ಯಾರಿಗಾದರೂ ಸಹಜವೆನಿಸೀತು. ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ವೇಗವಾಗಿ ಕಾಯುತ್ತದೆ ಎಂಬುದನ್ನು ನೆನಪಿಟ್ಟರೆ ಆ ಯೋಚನೆಗೆ ಜಾಗವಿರುವುದಿಲ್ಲ.

ದೇವಾಲಯಗಳ ಕಲ್ಲು ಇನ್ನೊಂದು ಬಗೆಯ ಶಾಖದ ಮೂಲ. ಬೇಲೂರಿನ ಚೆನ್ನಕೇಶವ ದೇಗುಲ ಪ್ರತಿಷ್ಠೆಯಾದದ್ದು 1117ರಲ್ಲಿ; 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಮಕ್ಕಳನ್ನೆತ್ತಿಕೊಂಡು ಬರುವ ಕುಟುಂಬಗಳಿಗೆ ಇವು ತಪ್ಪಿಸಬಾರದ ಜಾಗಗಳಾಗಿವೆ. ಬೇಲೂರಿನ ವಿಶಾಲ ಅಂಗಳಕ್ಕೆ ಪೂರ್ತಿ ಕಲ್ಲು ಹಾಸಿದೆ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಹಾಸುಗಲ್ಲಿನ ಮೇಲೆ ಇಳಿಸಿದ ಮಗು ಎರಡು ಹೆಜ್ಜೆ ಇಟ್ಟು, ಒಂದು ಕಾಲನ್ನು ಎತ್ತಿ, ಮುಂದಕ್ಕೂ ಬಾರದೆ ಹಿಂದಕ್ಕೂ ಹೋಗದೆ ನಿಂತುಬಿಡುತ್ತದೆ. ಬರಿಗಾಲಿಗೆ ಒಗ್ಗಿ ದಪ್ಪವಾದ ದೊಡ್ಡವರ ಅಂಗಾಲಿಗೆ ಚುರುಕ್ಕೆನಿಸುವ ಬಿಸಿ ಮಗುವಿನ ತೆಳು ಚರ್ಮದ ಮೇಲೆ ಬೊಬ್ಬೆ ಎಬ್ಬಿಸಬಲ್ಲದು. ಶ್ರವಣಬೆಳಗೊಳದಲ್ಲಿ ಕಷ್ಟ ಇನ್ನೂ ಹೆಚ್ಚು. ಸುಮಾರು 57 ಅಡಿ ಎತ್ತರದ ಗೊಮ್ಮಟನನ್ನು ನೋಡಲು ವಿಂಧ್ಯಗಿರಿಯ ಬೋಳು ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಪಾದರಕ್ಷೆಯಿಲ್ಲದೆ ಹತ್ತಬೇಕು, ದಾರಿಯಲ್ಲಿ ನೆರಳು ಕಡಿಮೆ. ಹತ್ತುವಾಗ ಹಿತವಾಗಿದ್ದ ಬಂಡೆ ಇಳಿಯುವ ಹೊತ್ತಿಗೆ ಕಾದಿರುತ್ತದೆ. ಬಂಡೆ ನಿಧಾನವಾಗಿ ಕಾಯುವುದರಿಂದ ಮಧ್ಯಾಹ್ನ ಎರಡು ಮೂರು ಗಂಟೆಗೆ ಅದರ ಬಿಸಿ ಹನ್ನೆರಡು ಗಂಟೆಗಿಂತ ಹೆಚ್ಚಿರುತ್ತದೆ. ಬೆಳಿಗ್ಗೆ ಬೇಗ ಹತ್ತಿ ಒಂಬತ್ತೂವರೆ, ಹತ್ತರ ಒಳಗೆ ಇಳಿದುಬಿಡುವುದು ಒಂದು ದಾರಿ. ಮಗುವಿಗೆ ಎರಡು ಜೊತೆ ದಪ್ಪ ಹತ್ತಿಯ ಕಾಲುಚೀಲ ಹಾಕಿಸುವುದು ಇನ್ನೊಂದು. ಎತ್ತಿಕೊಂಡೇ ಹತ್ತುವವರು ತಮ್ಮ ಮೈಯ ಶಾಖವೂ ಮಗುವಿಗೆ ಸೇರುತ್ತದೆ ಎಂಬುದನ್ನು ಗಮನಿಸಿ ನಡುನಡುವೆ ನಿಲ್ಲಬೇಕು.

ನೀರು ಮತ್ತು ಭೇದಿ

ಬೇಸಿಗೆಯಲ್ಲಿ ಕೂಸಿಗೆ ಬಾಯಾರುತ್ತದೆಂದು ಎರಡು ಚಮಚ ನೀರು ಕುಡಿಸುವ ಅಭ್ಯಾಸ ಎಲ್ಲ ಕಡೆ ಇದೆ. ಆರು ತಿಂಗಳು ತುಂಬುವವರೆಗೆ ಎದೆಹಾಲನ್ನು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ಸಲಹೆ, ಅದು ಬಿಸಿಲ ನಾಡುಗಳಿಗೂ ಅನ್ವಯಿಸುತ್ತದೆ. ಎದೆಹಾಲಿನ ಬಹುಪಾಲು ನೀರೇ ಆಗಿರುವುದರಿಂದ ಸೆಕೆಯ ದಿನ ಹೆಚ್ಚು ಬಾರಿ ಹಾಲೂಡಿದರೆ ಸಾಕು. ನೀರು ಹೆಚ್ಚು ಕುಡಿಯಬೇಕಾದವರು ತಾಯಂದಿರು. ಪ್ರವಾಸದಲ್ಲಿ ಶೌಚಾಲಯ ಸಿಗುವುದಿಲ್ಲವೆಂಬ ಅಂಜಿಕೆಯಿಂದ ಅವರೇ ನೀರು ಕುಡಿಯುವುದನ್ನು ಬಿಡುತ್ತಾರೆ. ಹಾಲೂಡಿಸುವ ತಾಯಿಯ ಮಟ್ಟಿಗೆ ಇದು ದುಪ್ಪಟ್ಟು ತೊಂದರೆ. ಹೊರಡುವ ಮುನ್ನ ದಾರಿಯಲ್ಲಿ ಶುಚಿಯಾದ ಶೌಚಾಲಯವಿರುವ ಹೋಟೆಲುಗಳನ್ನು ಗೊತ್ತುಮಾಡಿಕೊಳ್ಳುವುದು ಆದ್ದರಿಂದ ಮಗುವಿನ ಆರೋಗ್ಯದ ವಿಷಯವೂ ಹೌದು.

ದೊಡ್ಡ ಮಕ್ಕಳಿಗೆ ಕಾದಾರಿದ ನೀರು ಮನೆಯಿಂದಲೇ ಬರಬೇಕು, ಮುಗಿದರೆ ಸೀಲು ಒಡೆಯದ ಬಾಟಲಿ ಕೊಳ್ಳಬೇಕು. ಹೆಚ್ಚಿಟ್ಟ ಹಣ್ಣು, ಐಸು ಹಾಕಿದ ಜ್ಯೂಸು, ಗೋಲಗಪ್ಪದ ಪಾನಿ ಇವುಗಳಲ್ಲಿ ಇರುವ ನೀರು ಎಲ್ಲಿಂದ ಬಂದದ್ದೆಂದು ತಿಳಿಯುವ ಬಗೆಯಿಲ್ಲ. ಬಿಸಿಬಿಸಿ ಇಡ್ಲಿ, ಹಬೆಯಾಡುವ ಕಡುಬು, ಆಗ ತಾನೇ ತಟ್ಟಿದ ಅಕ್ಕಿ ರೊಟ್ಟಿ ಈ ಸೀಮೆಯ ಸಣ್ಣ ಹೋಟೆಲುಗಳಲ್ಲೂ ಸಿಗುತ್ತವೆ, ಮಗುವಿನ ಹೊಟ್ಟೆಗೆ ಅವಕ್ಕಿಂತ ಒಳ್ಳೆಯ ಪ್ರವಾಸದ ಊಟವಿಲ್ಲ. ಬೆಳಿಗ್ಗೆ ಕಲಸಿ ಡಬ್ಬಿಗೆ ತುಂಬಿದ ಮೊಸರನ್ನ ಕಾರಿನ ಶಾಖದಲ್ಲಿ ಮಧ್ಯಾಹ್ನದ ಹೊತ್ತಿಗೆ ಕೆಟ್ಟಿರಬಹುದು. ಓಡುವ ಗಾಡಿಯಲ್ಲಿ ಮಕ್ಕಳ ಕೈಗೆ ಇಡಿಯ ಕಡಲೆಕಾಯಿ ಬೀಜ, ಹುರಿಗಡಲೆ, ಕಡ್ಲೆಪುರಿ ಕೊಡಬಾರದು. ಒಂದು ಕುಲುಕಿಗೆ ಕಾಳು ಉಸಿರ್ನಾಳಕ್ಕೆ ಇಳಿದರೆ ಘಾಟಿಯ ನಡುವೆ ಮಾಡಬಹುದಾದದ್ದು ಬಹಳ ಕಡಿಮೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಭೇದಿ ಆಗುವುದುಂಟು. ಆಗ ಬೇಕಾದದ್ದು ಓಆರ್‌ಎಸ್, ಅಂದರೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು, ಗ್ಲೂಕೋಸ್‌ಗಳ ಪುಡಿ. ಇದು ಕೆಲಸ ಮಾಡುವ ಬಗೆ ಸರಳವೂ ಸೋಜಿಗವೂ ಆಗಿದೆ. ಭೇದಿಯ ವೇಳೆ ಕರುಳು ಉಪ್ಪನ್ನು ಹೀರಿಕೊಳ್ಳುವ ಉಳಿದ ದಾರಿಗಳು ಕೆಟ್ಟರೂ ಒಂದು ದಾರಿ ತೆರೆದೇ ಇರುತ್ತದೆ: ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದಾಗ ಎರಡನ್ನೂ ಒಟ್ಟಿಗೆ ಒಳಗೆ ಬಿಡುವ ದಾರಿ. ಅವು ಒಳಗೆ ಹೋದಂತೆ ನೀರು ಹಿಂಬಾಲಿಸುತ್ತದೆ. ಹಾಗಾಗಿ ಬರಿಯ ನೀರಿಗಿಂತ, ಬರಿಯ ಸಕ್ಕರೆ ನೀರಿಗಿಂತ, ಎರಡನ್ನೂ ಹದವಾಗಿ ಕೂಡಿಸಿದ ನೀರು ದೇಹಕ್ಕೆ ಹತ್ತುತ್ತದೆ. ಹದ ಎಂಬುದೇ ಇಲ್ಲಿ ಮುಖ್ಯ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪರಿಷ್ಕರಿಸಿದ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರಬೇಕು. ಸಕ್ಕರೆ ಹೆಚ್ಚಾದರೆ ಅದು ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ತಂಪು ಪಾನೀಯಗಳನ್ನೂ ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರಸಗಳನ್ನೂ ಭೇದಿಯಾದ ಮಗುವಿಗೆ ಕೊಡಬಾರದೆನ್ನುವುದು ಈ ಕಾರಣಕ್ಕೆ. ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿತು. ಔಷಧದ ಅಂಗಡಿಯಲ್ಲಿ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರುವುದನ್ನು ಓದಿಯೇ ಕೊಳ್ಳುವುದು ಲೇಸು.

ಒಂದು ಲೀಟರಿನ ಪೊಟ್ಟಣವನ್ನು ಲೋಟಕ್ಕೊಂದಿಷ್ಟು ಸುರಿದು ಕಲಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಇಡೀ ಪೊಟ್ಟಣವನ್ನು ಅಳೆದ ಒಂದು ಲೀಟರ್ ನೀರಿಗೆ ಹಾಕಿ, 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕೆ ಮೇಲ್ಪಟ್ಟವರಿಗೆ 100ರಿಂದ 200 ಮಿಲಿಲೀಟರ್ ಬೇಕಾಗುತ್ತದೆ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚ ಚಮಚವಾಗಿ ಕೊಡಬೇಕು. ಪೊಟ್ಟಣ ಇಲ್ಲದ ಕಡೆ ಒಂದು ಲೀಟರ್ ಕಾದಾರಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟಸ ಅಳತೆಯಲ್ಲಿ ಹಾಕಿ ಕಲಸಬಹುದು. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರ ತಂಡ ಇಂಥ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಸಾವಿನ ಪ್ರಮಾಣವನ್ನು ಗಣನೀಯವಾಗಿ ಇಳಿಸಿತು. ವೈದ್ಯರು ಸಿಗುವವರೆಗೆ ಕಾಯದೆ ತಂದೆ ತಾಯಿ ತಾವೇ ಆರಂಭಿಸಬಹುದಾದ ಚಿಕಿತ್ಸೆ ಇದು ಎಂಬುದು ಅಂದಿನಿಂದ ಸಾಬೀತಾಗಿದೆ. ಅರಸೀಕೆರೆ, ಚನ್ನರಾಯಪಟ್ಟಣದ ದಾರಿಯುದ್ದಕ್ಕೂ ಸಿಗುವ ಎಳನೀರು ಒಳ್ಳೆಯ ಪಾನೀಯವೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬಿಸಿಲಿನ ಬಾಯಾರಿಕೆಗೆ ಅದು ಸಾಕು, ನೀರು ಸುರಿದಂಥ ಭೇದಿಗೆ ಸಾಲದು. ಮಗುವಿನ ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರು ಗಂಟೆಯಾದರೂ ಮೂತ್ರವಾಗದಿದ್ದರೆ, ಕುಡಿಯಲಾರದಷ್ಟು ಮಂಕಾದರೆ ಮುಂದಿನ ನಿಲ್ದಾಣ ಆಸ್ಪತ್ರೆಯೇ.

ಘಾಟಿಯ ದಾರಿ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವವರೂ, ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ತಿರುಗುವವರೂ ಮಗುವಿನ ವಾಂತಿಯನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೊರಡಬೇಕು. ಒಳಕಿವಿ ದೇಹ ತಿರುಗುತ್ತಿದೆ ಎಂದು ಹೇಳುತ್ತಿರುವಾಗ ಮುಂದಿನ ಸೀಟಿನ ಬೆನ್ನನ್ನೋ ಮೊಬೈಲಿನ ಪರದೆಯನ್ನೋ ನೋಡುತ್ತಿರುವ ಕಣ್ಣು ಏನೂ ಅಲುಗಾಡುತ್ತಿಲ್ಲ ಎನ್ನುತ್ತದೆ. ಈ ಎರಡು ವರದಿಗಳ ತಾಳ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗೆ ಇದು ಅಪರೂಪ, ಎರಡರಿಂದ ಹನ್ನೆರಡರ ನಡುವೆ ಹೆಚ್ಚು. ದೂರದ ಗುಡ್ಡ ಕಾಣುವಂತೆ ಕೂರಿಸುವುದು, ಮೊಬೈಲು ಕಸಿದುಕೊಳ್ಳುವುದು, ಕಿಟಕಿ ತೆರೆಯುವುದು, ಹೊಟ್ಟೆ ಬಿರಿಯುವಷ್ಟೂ ಅಲ್ಲದೆ ತೀರಾ ಖಾಲಿಯೂ ಇರದಂತೆ ಒಣ ತಿಂಡಿ ಕೊಡುವುದು ಇವು ಕೆಲಸಕ್ಕೆ ಬರುತ್ತವೆ. ವಾಂತಿ ತಡೆಯಲೆಂದು ಅಂಗಡಿಯಲ್ಲಿ ಕೇಳಿ ತರುವ, ಪ್ರೊಮೆಥಜೀನ್ ಇರುವ ಔಷಧವನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಅದರಿಂದ ಉಸಿರಾಟ ಕುಗ್ಗುವ ಅಪಾಯವಿದೆ. ಘಾಟಿ ಇಳಿಯುವಾಗ ಕೂಸು ಕಾರಣವಿಲ್ಲದೆ ಚೀರಿದರೆ ಕಿವಿಯೊಳಗಿನ ಗಾಳಿಯ ಒತ್ತಡ ಕಾರಣವಿರಬಹುದು. ಹಾಲೂಡಿದರೆ ಅಥವಾ ಏನನ್ನಾದರೂ ಚೀಪಲು ಕೊಟ್ಟರೆ ನುಂಗುವಾಗ ಕಿವಿಯ ನಾಳ ತೆರೆದು ನೋವು ಇಳಿಯುತ್ತದೆ.

ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಪ್ರೀತಿಯ ರೂಢಿಯನ್ನು ಕೈಬಿಡದೆ ಬೇರೆ ದಾರಿಯಿಲ್ಲ. ಗಾಡಿ ಡಿಕ್ಕಿಯಾಗಿ ನಿಂತ ಕ್ಷಣದಲ್ಲಿ ಹತ್ತು ಕಿಲೋ ತೂಕದ ಮಗು ಅದರ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಚಿಮ್ಮುತ್ತದೆ, ಯಾವ ತಾಯಿಯ ತೋಳೂ ಅದನ್ನು ಹಿಡಿದಿಡಲಾರದು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನ ಕಡ್ಡಾಯಗೊಳಿಸಿದೆ. ಬಾಡಿಗೆ ಕಾರುಗಳಲ್ಲಿ ಮಕ್ಕಳ ಆಸನ ಸಿಗುವುದು ಕಷ್ಟವಾದ್ದರಿಂದ ಅದನ್ನು ಮನೆಯಿಂದಲೇ ತರಬೇಕಾಗುತ್ತದೆ. ಬೈಕಿನಲ್ಲಿ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಸವಾರನಿಗೆ ಕಟ್ಟುವ ಸುರಕ್ಷತಾ ಪಟ್ಟಿ ಮತ್ತು ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂಬುದು 2023ರ ಫೆಬ್ರುವರಿಯಿಂದ ಜಾರಿಯಲ್ಲಿರುವ ನಿಯಮ. ಗಿರಿಯ ರಸ್ತೆಗೆ ಬೈಕಿನಲ್ಲಿ ಪುಟ್ಟ ಮಗುವನ್ನು ಒಯ್ಯುವುದೇ ಬೇಡವೆಂಬುದು ಈ ಲೇಖಕನ ಅಭಿಪ್ರಾಯ.

ರೈಲನ್ನು ಪ್ರವಾಸಿಗರು ಏಕೋ ಮರೆಯುತ್ತಾರೆ. ಹಾಸನಕ್ಕೆ ಹಿಂದಿನಿಂದಲೂ, ಚಿಕ್ಕಮಗಳೂರಿಗೆ 2013ರಿಂದ ರೈಲು ಸಂಪರ್ಕವಿದೆ. ಮಗು ಎದ್ದು ಓಡಾಡಬಹುದು, ಶೌಚಾಲಯ ಹತ್ತಿರವಿರುತ್ತದೆ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಾಟಿಯನ್ನು ರೈಲು ರಸ್ತೆಯ ತಿರುವುಗಳ ಕಾಟವಿಲ್ಲದೆ ದಾಟುತ್ತದೆ. ಮಳೆಗಾಲದಲ್ಲಿ ಮಾತ್ರ ರಸ್ತೆ, ರೈಲು ಎರಡನ್ನೂ ನೆಚ್ಚುವಂತಿಲ್ಲ. 2018ರಲ್ಲಿ ಶಿರಾಡಿ, 2019ರಲ್ಲಿ ಚಾರ್ಮಾಡಿ ಗುಡ್ಡ ಕುಸಿದು ಮುಚ್ಚಿದ್ದವು. ಮಗುವಿನ ಹಾಲಿನ ಪುಡಿ, ಔಷಧ, ಡೈಪರುಗಳು ಒಂದು ದಿನಕ್ಕೆ ಹೆಚ್ಚಾಗುವಷ್ಟು ಕೈಚೀಲದಲ್ಲೇ ಇರುವುದು ಒಳಿತು.

ಸೊಳ್ಳೆ, ಉಣುಗು, ಇಂಬಳ

ಈ ಮೂರರಲ್ಲಿ ಜನ ಹೆದರುವುದು ಇಂಬಳಕ್ಕೆ, ಹೆದರಬೇಕಾದದ್ದು ಉಳಿದೆರಡಕ್ಕೆ. ಮಳೆಗಾಲದ ಕಾಫಿ ತೋಟದಲ್ಲಿ ಕಾಲಿಗೆ ಹತ್ತುವ ಇಂಬಳ ನೋವು ಕೊಡದೆ ರಕ್ತ ಹೀರಿ ಉದುರಿಹೋಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಸ್ವಲ್ಪ ಹೊತ್ತು ಜಿನುಗುತ್ತದೆ, ಬಿಳಿ ಕಾಲುಚೀಲದ ಮೇಲೆ ಆ ಕೆಂಪು ಕಂಡು ಮಗು ಕಿರುಚಿಕೊಳ್ಳುವುದೇ ದೊಡ್ಡ ರಂಪ. ಉಗುರಿನಿಂದ ಅದರ ಬಾಯಿಯ ತುದಿಯನ್ನು ಸರಿಸಿ ಬಿಡಿಸಿ, ಸೋಪಿನಿಂದ ತೊಳೆದು, ಬಟ್ಟೆ ಒತ್ತಿ ಹಿಡಿದರೆ ಸಾಕು. ತೋಟದವರು ತಮ್ಮ ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪು, ಸುಣ್ಣ ಮಗುವಿನ ಚರ್ಮಕ್ಕೆ ಬೇಡ.

ಉಣುಗಿನ ಕಥೆ ಬೇರೆ. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆ ಎಂಬ ಜ್ವರ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಯಿತು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಾಣಿಸಿಕೊಳ್ಳುತ್ತದೆ. ಮಳೆ ನಿಂತು ಕಾಡು ಒಣಗುವ ಡಿಸೆಂಬರಿನಿಂದ ಮೇವರೆಗೆ ಎಳೆಯ ಉಣುಗುಗಳು ಚುರುಕಾಗಿರುತ್ತವೆ, ಪ್ರವಾಸಕ್ಕೆ ಹಿತವೆಂದು ಜನ ಆರಿಸಿಕೊಳ್ಳುವ ತಿಂಗಳುಗಳೂ ಅವೇ. ಮಂಗ ಸತ್ತುಬಿದ್ದ ಸುದ್ದಿಯಿರುವ ಕಾಡಿನ ಅಂಚಿಗೆ ಮಗುವನ್ನು ಒಯ್ಯಬಾರದು. ತರಗೆಲೆಯ ಮೇಲೆ ಕೂರಿಸಬಾರದು. ಸಂಜೆ ಮರಳಿದ ಮೇಲೆ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ, ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡ ನೋಡಿ ಸ್ನಾನ ಮಾಡಿಸಬೇಕು. ಅಂಟಿದ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು, ಹೊಸಕಬಾರದು.

ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ, ವಿಶೇಷವಾಗಿ ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ ಕಚ್ಚುತ್ತದೆ, ಹೂಕುಂಡದ ತಟ್ಟೆಯಲ್ಲಿ ನಿಂತ ಶುದ್ಧ ನೀರಿನಲ್ಲೂ ಮರಿ ಮಾಡುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹಗಲು ನಿದ್ದೆಗೂ ಸೊಳ್ಳೆಪರದೆ ಕಟ್ಟುವುದು ಕೂಸುಗಳ ಮಟ್ಟಿಗೆ ಎಲ್ಲಕ್ಕಿಂತ ಖಚಿತವಾದ ರಕ್ಷಣೆ. ಸೊಳ್ಳೆ ನಿವಾರಕ ಮುಲಾಮನ್ನು ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಬಾರದು. ದೊಡ್ಡ ಮಕ್ಕಳಿಗೂ ಬಾಯಿಗೆ ಹೋಗುವ ಅಂಗೈ, ಕಣ್ಣಿನ ಸುತ್ತ ಬಿಟ್ಟು ತೆರೆದ ಮೈಗೆ ತೆಳುವಾಗಿ ಹಚ್ಚಬೇಕು. ನಿಂಬೆ ಪರಿಮಳದ ನೀಲಗಿರಿ ಎಣ್ಣೆಯ ನಿವಾರಕಗಳು ಮೂರು ವರ್ಷದೊಳಗಿನವರಿಗೆ ತಕ್ಕವಲ್ಲ. ಬಿಸಿಲಿನ ಮುಲಾಮು ಹಚ್ಚುವುದಿದ್ದರೆ ಮೊದಲು ಅದು, ಆಮೇಲೆ ನಿವಾರಕ.

ಮಂಗಗಳು, ಬೀದಿನಾಯಿಗಳು ಪರಚಿದರೂ ಕಚ್ಚಿದರೂ ಗಾಯವನ್ನು 15 ನಿಮಿಷ ಸೋಪು, ಹರಿಯುವ ನೀರಿನಲ್ಲಿ ತೊಳೆದು ಅಂದೇ ರೇಬೀಸ್ ಲಸಿಕೆ ಆರಂಭಿಸಬೇಕು. ಅರಿಸಿನ, ಮೆಣಸಿನ ಪುಡಿ ಮೆತ್ತಬಾರದು. ಕೈಯಲ್ಲಿ ತಿಂಡಿ ಹಿಡಿದ ಮಗುವನ್ನು ಮಂಗಗಳಿರುವ ಕಡೆ ನೆಲಕ್ಕಿಳಿಸದಿದ್ದರೆ ಈ ಪ್ರಸಂಗವೇ ಬಾರದು.

ತೋಟದ ಕೆರೆ

ಹೋಂಸ್ಟೇಗಳ ಬಗ್ಗೆ ಎಚ್ಚರಿಸುವವರು ಹಾವು, ಆನೆ ಎಂದು ಹೇಳುತ್ತಾರೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗಳು ತೋಟಕ್ಕೆ ಬರುವುದು ನಿಜ, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ತಿರುಗಬಾರದು. ಪುಟ್ಟ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಅಪಾಯ ಮನೆಯ ಹಿಂದಿನ ನೀರು. ಕಾಫಿ ಗಿಡಗಳಿಗೆ ನೀರು ಹಾಯಿಸಲು ತೋಟದಲ್ಲಿ ಕೆರೆ ಇರುತ್ತದೆ, ಈಚೆಗೆ ಕೃಷಿ ಹೊಂಡಗಳೂ ಬಂದಿವೆ. ಹೊಂಡದ ಒಳಮೈಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಇಳಿಜಾರು ಕಡಿದಾಗಿರುತ್ತದೆ, ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ರಕ್ಷಿಸಲು ಇಳಿದ ದೊಡ್ಡವರೂ ಮೇಲೆ ಬರಲಾರದೆ ಮುಳುಗುತ್ತಾರೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ; ಸದ್ದಿಲ್ಲದೆ ಒಂದೆರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಕೋಣೆ ಕಾಯ್ದಿರಿಸುವ ಮೊದಲೇ ಕೆರೆ, ಹೊಂಡ ಎಷ್ಟು ದೂರದಲ್ಲಿವೆ, ಬೇಲಿ ಇದೆಯೇ ಎಂದು ಕೇಳುವುದು ಊಟದ ವಿವರ ಕೇಳುವುದಕ್ಕಿಂತ ಮುಖ್ಯ. ದೊಡ್ಡ ಗುಂಪಿನಲ್ಲಿ ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಆಗುವುದರಿಂದ, ಈ ಒಂದು ಗಂಟೆ ಮಗು ಯಾರ ಸುಪರ್ದಿನಲ್ಲಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ ವಹಿಸಬೇಕು. ಕಲ್ಲತ್ತಿಗಿರಿ, ಹೆಬ್ಬೆಯಂಥ ಜಲಪಾತಗಳ ಕೆಳಗೂ ಇದೇ ಮಾತು. ಮೇಲೆ ಸುರಿದ ಮಳೆಯ ನೀರು ಕೆಳಗೆ ಬಿಸಿಲಿದ್ದಾಗಲೂ ಏಕಾಏಕಿ ಏರುತ್ತದೆ.

ದಿನದ ಲೆಕ್ಕ

ಹಾಸನದಿಂದ ಹೊರಟು ಹಳೇಬೀಡು, ಬೇಲೂರು ಮುಗಿಸಿ, ಮುಳ್ಳಯ್ಯನಗಿರಿಯಲ್ಲಿ ಸೂರ್ಯಾಸ್ತ ನೋಡುವ ಯೋಜನೆ ನಕ್ಷೆಯ ಮೇಲೆ ಸುಲಭ. ಹಳೇಬೀಡಿನಿಂದ ಬೇಲೂರಿಗೆ 16 ಕಿಲೋಮೀಟರ್, ಬೇಲೂರಿನಿಂದ ಚಿಕ್ಕಮಗಳೂರಿಗೆ ಸುಮಾರು 25. ಮಗುವಿನ ದಿನ ಕಿಲೋಮೀಟರಿನಲ್ಲಿ ಸಾಗುವುದಿಲ್ಲ. ಹಾಲು, ನಿದ್ದೆ, ಬಟ್ಟೆ ಬದಲಾಯಿಸುವುದು, ಮಣ್ಣಲ್ಲಿ ಆಡುವುದು ಇವುಗಳಲ್ಲಿ ಸಾಗುತ್ತದೆ. ಬೆಳಿಗ್ಗೆ ಹನ್ನೊಂದರೊಳಗೆ ಒಂದು ಜಾಗ, ಮಧ್ಯಾಹ್ನ ನೆರಳಿನಲ್ಲಿ ಊಟ ಮತ್ತು ನಿದ್ದೆ, ನಾಲ್ಕರ ಮೇಲೆ ಹತ್ತಿರದ ಇನ್ನೊಂದು ಜಾಗ. ಇಷ್ಟಕ್ಕಿಂತ ಹೆಚ್ಚು ತುರುಕಿದ ದಿನದ ಕೊನೆಗೆ ನೆನಪಿನಲ್ಲಿ ಉಳಿಯುವುದು ಅಳುವೊಂದೇ. ಗಿರಿಗೆ ಹೋಗುವ ದಿನ ಅದಕ್ಕೊಂದೇ ಮೀಸಲಿಡಬೇಕು. ಮೇಲೆ ಗಾಳಿ ಬೀಸಿ ಮಳೆ ಹನಿಸಿದರೆ ಒದ್ದೆಯಾದ ಮಗುವಿನ ಮೈ ಬೇಗ ತಣಿಯುವುದರಿಂದ ಪೂರ್ತಿ ಒಂದು ಜೊತೆ ಒಣಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಇರಬೇಕು. ಘಾಟಿಯಲ್ಲೂ ತೋಟದಲ್ಲೂ ಮೊಬೈಲ್ ಸಂಪರ್ಕ ಕಡಿದುಹೋಗುವುದರಿಂದ, 108 ಸಿಗದಿದ್ದರೆ ಯಾವ ತಾಲ್ಲೂಕು ಆಸ್ಪತ್ರೆ ಹತ್ತಿರ ಎಂಬುದನ್ನು ಸಂಪರ್ಕವಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಮಗುವಿನ ಲಸಿಕೆಗಳನ್ನು ಹೊರಡುವ ಮೂರು ನಾಲ್ಕು ವಾರ ಮೊದಲೇ ವೈದ್ಯರಿಗೆ ತೋರಿಸಿ, ಟೈಫಾಯಿಡ್ ಮತ್ತು ಹೆಪಟೈಟಿಸ್ ಎ ಲಸಿಕೆ ಆಗಿದೆಯೇ ಎಂದು ಕೇಳಬಹುದು.

ಮನೆ ಸೇರಿದ ಮೇಲೂ ಎರಡು ಮೂರು ವಾರ ಗಮನವಿರಬೇಕು. ಡೆಂಗಿ ಸೊಳ್ಳೆ ಕಚ್ಚಿದ 4ರಿಂದ 10 ದಿನಕ್ಕೆ, ಮಂಗನ ಕಾಯಿಲೆ 3ರಿಂದ 8 ದಿನಕ್ಕೆ, ಟೈಫಾಯಿಡ್ ಒಂದರಿಂದ ಮೂರು ವಾರಕ್ಕೆ ಜ್ವರವಾಗಿ ಹೊರಬೀಳುತ್ತವೆ. ಆ ಹೊತ್ತಿಗೆ ಪ್ರವಾಸದ ವಿಷಯ ವೈದ್ಯರಿಗೆ ಹೇಳಬೇಕೆಂದು ಹೊಳೆಯುವುದಿಲ್ಲ. ಯಾವ ಊರು, ಯಾವ ತೋಟ, ಕಾಡಿನ ಅಂಚಿಗೆ ಹೋಗಿದ್ದಿರೇ, ಉಣುಗು ಕಚ್ಚಿತ್ತೇ ಎಂಬಷ್ಟನ್ನು ತಾವಾಗಿ ಹೇಳಿದರೆ ಪರೀಕ್ಷೆಗಳ ದಾರಿಯೇ ಬದಲಾಗುತ್ತದೆ. ಜ್ವರಕ್ಕೆ ವೈದ್ಯರು ತೂಕ ನೋಡಿ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಕು; ಡೆಂಗಿಯ ಅನುಮಾನವಿರುವಾಗ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದಿಗೆ ಸಮಯ ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು. ಡೆಂಗಿಯ ಮಟ್ಟಿಗೆ ಕಠಿಣ ಘಟ್ಟ ಆರಂಭವಾಗುವುದು ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೆ. ಜ್ವರ ಬಿಟ್ಟಿತೆಂದು ಮನೆಯವರೆಲ್ಲ ಸಮಾಧಾನಪಡುವ ಆ ಎರಡು ದಿನಗಳಲ್ಲೇ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ವಿಪರೀತ ಮಂಕು ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿಯೆನ್ನದೆ ಆಸ್ಪತ್ರೆಗೆ ಹೊರಡಬೇಕು.